ಶಿವರಂಜನಿಗೆ ಅಳು ಬರದಿದ್ದರೆ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ನಾನು ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯ ಸಾಲಿಗೆ ಮಾತ್ರ ಈ ಉತ್ತರ. "ಮೈನರ್ ಸ್ಕೇಲ್ ಕೇಳಿದರೆ ಎಲ್ಲರಿಗೂ ದುಃಖ ಆಗುತ್ತಂತೆ. ನನಗೆ ಏನೂ ಆಗಲ್ಲ. ಅಜ್ಜಿ ಹೋದಾಗಲೂ ಅಳು ಬರಲಿಲ್ಲ. ನನ್ನೊಳಗೆ ಆ ಭಾಗವೇ ಇಲ್ವೇನೋ ದೊಡ್ಡಮ್ಮ" ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದೀಯ. ಆ ನಗುವ ಮುಖ ನನಗೆ ಸರಿ ಕಾಣಲಿಲ್ಲ ಕಣೋ. ಎರಡು ದಿನ ಮನಸ್ಸಿನಲ್ಲಿ ಅದೇ ಕೊರೆಯುತ್ತಿತ್ತು.

ಮೊದಲು ನಿನ್ನ ಗಿಟಾರ್ ಮೇಷ್ಟ್ರು ಕೊಟ್ಟ ಪಟ್ಟಿಯ ಮಾತು. ಅದರ ಫೋಟೋ ನೋಡಿದೆ. ಏಳು ಸ್ಕೇಲು, ಅಂದರೆ ಏಳು ಸ್ವರಸಾಲು, ಎದುರಿಗೆ ಏಳು ಭಾವ. ಅಯೋನಿಯನ್ ಅಂದರೆ ಸಂತೋಷ, ಫ್ರಿಜಿಯನ್ ಅಂದರೆ ಸ್ಪೇನ್, ಲಿಡಿಯನ್ ಅಂದರೆ ಕನಸು, ಅಯೋಲಿಯನ್ ಅಂದರೆ ದುಃಖ, ಲೋಕ್ರಿಯನ್ ಅಂದರೆ ಭಯ. ಓದಿ ನಗು ಬಂತು. ನಮ್ಮಲ್ಲೂ ಇಂಥ ಪಟ್ಟಿಗಳಿಗೆ ಕಡಿಮೆ ಇಲ್ಲ. ಯಾವ ರಾಗಕ್ಕೆ ಬಿಪಿ ಇಳಿಯುತ್ತದೆ, ಯಾವುದಕ್ಕೆ ಮಂಡಿನೋವು ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ವಾರಕ್ಕೊಂದು ಬರುತ್ತದೆ. ನಾನು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತೇನೆ.

ನಿನ್ನ ಆ ಏಳರಲ್ಲಿ ಆರು ನಮ್ಮ ಮೇಳಕರ್ತದಲ್ಲೂ, ಅಂದರೆ ಕರ್ನಾಟಕ ಸಂಗೀತದ 72 ತಾಯಿ ರಾಗಗಳಲ್ಲೂ, ಇವೆ. ನೀವು ಮೇಜರ್ ಅನ್ನುವ ಅಯೋನಿಯನ್ ಶಂಕರಾಭರಣ. ಡೋರಿಯನ್ ಖರಹರಪ್ರಿಯ, ಫ್ರಿಜಿಯನ್ ತೋಡಿ, ಲಿಡಿಯನ್ ಕಲ್ಯಾಣಿ, ಮಿಕ್ಸೋಲಿಡಿಯನ್ ಹರಿಕಾಂಭೋಜಿ, ಅಯೋಲಿಯನ್, ಅಂದರೆ ನಿನ್ನ ಮೈನರ್, ನಠಭೈರವಿ. ಲೋಕ್ರಿಯನ್ನಿಗೆ ಶುದ್ಧವಾದ ಪಂಚಮವೇ, ಅಂದರೆ ಸರಿಗಮಪದ 'ಪ'ವೇ ಇಲ್ಲ, ಹಾಗಾಗಿ 72ರ ಲೆಕ್ಕಕ್ಕೆ ಬರುವುದಿಲ್ಲ. ಸ್ವರಗಳು ಅವೇ ಅಂತ ಹೇಳುತ್ತಿದ್ದೇನೆ ಅಷ್ಟೆ. ಗಾಂಧಾರವನ್ನು, ಅಂದರೆ 'ಗ'ವನ್ನು ಅಲುಗಿಸದೆ, ಬರೀ ಗಿಟಾರಿನ ಮೆಟ್ಟಿಲು, ನೀವು ಫ್ರೆಟ್ ಅನ್ನುವುದು, ಅದನ್ನು ಒತ್ತಿ ನುಡಿಸಿದರೆ ಅದು ತೋಡಿ ಆಗುವುದಿಲ್ಲ.

ಈ ಗ್ರೀಕ್ ಹೆಸರುಗಳದ್ದೂ ಒಂದು ತಮಾಷೆ ಇದೆ. ಲಿಡಿಯನ್ ಜಾತಿಯ ಕೆಲವು ಸ್ಕೇಲುಗಳು ಅಳುಬುರುಕು ಅಂತ ಪ್ಲೇಟೋ ಬೇಡವೆಂದಿದ್ದ, ಡೋರಿಯನ್ ಮತ್ತು ಫ್ರಿಜಿಯನ್ ಮಾತ್ರ ಇರಲಿ ಅಂದಿದ್ದ. ಆಮೇಲೆ ಯುರೋಪಿನವರು ಅವೇ ಹೆಸರುಗಳನ್ನು ಬೇರೆ ಸ್ಕೇಲುಗಳಿಗೆ ಅಂಟಿಸಿದರು. ಈಗ ನಿನ್ನ ಪಟ್ಟಿಯಲ್ಲಿ ಲಿಡಿಯನ್ ಅಂದರೆ ಕನಸು. ಹೀಗಿರುವಾಗ ಒಂದು ಪಟ್ಟಿ ಹೇಳಿದ ದುಃಖ ನಿನಗೆ ಬರಲಿಲ್ಲ ಅಂತ ನಿನ್ನನ್ನೇ ಅನುಮಾನಿಸಬೇಕಾ?

ಇನ್ನೊಂದು ವಿಷಯ. ನೀನು ಈ ಏಳನ್ನೂ ಸಿ ಮೇಜರಿನ ಸ್ವರಗಳಲ್ಲೇ ನುಡಿಸುತ್ತಿದ್ದೀಯ ಅಂತ ಬರೆದಿದ್ದೀಯ. ಸಿ ಇಂದ ಸಿ, ಡಿ ಇಂದ ಡಿ, ಹಾಗೇ ಮುಂದೆ. ಕೆಳಗೆ ಒಂದೇ ಸಮ ಮೊಳಗುವ ಶ್ರುತಿ ಇಲ್ಲದೆ ಹಾಗೆ ನುಡಿಸಿದರೆ ಕಿವಿ ಸಿ ಅನ್ನೇ ಷಡ್ಜ, ಅಂದರೆ 'ಸ', ಅಂತ ಹಿಡಿದು ಕೂತಿರುತ್ತದೆ. ನೀನು ಡಿ ಇಂದ ಹೊರಟರೂ ಅದಕ್ಕೆ ಕೇಳುವುದು ರಿಷಭದಿಂದ ಹೊರಟ ಶಂಕರಾಭರಣವೇ. ನಮ್ಮಲ್ಲಿ ಗ್ರಹಭೇದ ಮಾಡುವವರು ಷಡ್ಜವನ್ನು ಬೇರೆ ಸ್ವರಕ್ಕೆ ಸಾಗಿಸಿ, ಅದು ಕೇಳುವವರ ಕಿವಿಯಲ್ಲಿ ನೆಲೆಯಾಗುವ ತನಕ ಎಷ್ಟು ಕಷ್ಟಪಡುತ್ತಾರೆ ಗೊತ್ತಾ? ಸುಮ್ನೆ ಬೇರೆ ಸ್ವರದಿಂದ ಶುರು ಮಾಡಿದರೆ ಆಗುವ ಕೆಲಸವಲ್ಲ ಅದು. ಹಾಗಾಗಿ ಏಳೂ ಒಂದೇ ಥರ ಕೇಳಿತು ಅಂದರೆ ನಿನ್ನ ಕಿವಿ ಸರಿಯಾಗಿಯೇ ಕೇಳಿದೆ.

ನಾನು ಗಿಟಾರ್ ಹಿಡಿದವಳಲ್ಲ. ಆದರೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು, ತಂತಿಯ ಲೆಕ್ಕ ಮರೆತಿಲ್ಲ. ಆಗುವುದಾದರೆ ಹೀಗೆ ಮಾಡಿ ನೋಡು. ನಿನ್ನ ಆರನೇ ತಂತಿ, ದಪ್ಪದ್ದು, ಇ ಅಲ್ವಾ? ಒಂದನೇ ತಂತಿಯೂ ಇ, ಎರಡು ಸ್ಥಾಯಿ ಮೇಲೆ. ದಪ್ಪ ತಂತಿಯನ್ನು ಮೀಟಿ ಮೊಳಗಲು ಬಿಡು, ಅದೇ ನಿನ್ನ ತಂಬೂರಿ. ತೆಳು ತಂತಿಯೊಂದರ ಮೇಲೇ ನುಡಿಸು. ಖಾಲಿ ತಂತಿ ಷಡ್ಜ. ಎರಡನೇ ಫ್ರೆಟ್ ರಿಷಭ, ನಾಲ್ಕನೆಯದು ಗಾಂಧಾರ, ಏಳು ಪಂಚಮ, ಒಂಬತ್ತು ಧೈವತ, ಹನ್ನೆರಡು ಮೇಲಿನ ಷಡ್ಜ. ಇದು ಮೋಹನ. ಈಗ ಗಾಂಧಾರವನ್ನು ಮಾತ್ರ ನಾಲ್ಕರಿಂದ ಮೂರಕ್ಕೆ ಇಳಿಸು, ಮಿಕ್ಕದ್ದು ಹಾಗೇ ಇರಲಿ. ಅದು ಶಿವರಂಜನಿ. ನಿನ್ನ ಮೈನರಿನಲ್ಲಿರುವುದೂ ಇದೇ ಇಳಿದ ಗಾಂಧಾರ. ನಮ್ಮ ಸಿನಿಮಾದವರು ಕಣ್ಣೀರು ಬೇಕಾದಾಗಲೆಲ್ಲ ಹುಡುಕಿಕೊಂಡು ಹೋಗುವ ರಾಗ.

ಲೆಕ್ಕದಲ್ಲಿ ನೋಡಿದರೆ ಗಾಂಧಾರ 415 ಹರ್ಟ್ಸ್ ಇದ್ದದ್ದು 392ಕ್ಕೆ ಇಳಿಯಿತು, ಅಷ್ಟೆ. ಆದರೆ ಕೆಳಗೆ ಮೊಳಗುತ್ತಿರುವ ದಪ್ಪ ತಂತಿ ಸುಮಾರು 82.4 ಹರ್ಟ್ಸಿನದು. ಅದು ತನ್ನ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳನ್ನೂ ಹೊರಡಿಸುತ್ತದೆ. ಐದರಷ್ಟು ಅಂದರೆ 412. ಅದೇ ಗಾಂಧಾರ! ಒಳ್ಳೆ ತಂಬೂರಿಯಲ್ಲಿ ಯಾರೂ ಮೀಟದೆಯೇ ಕೇಳುತ್ತದಲ್ಲ, ಸ್ವಯಂಭು ಗಾಂಧಾರ ಅಂತ, ಅದು ಇದೇ. ನೀನು ನಾಲ್ಕನೇ ಫ್ರೆಟ್ ನುಡಿಸಿದಾಗ 415 ಮತ್ತು 412 ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. ಮೂರನೆಯದನ್ನು ನುಡಿಸಿದಾಗ ಕೆಳಗಿನ ತಂತಿ ಒಂದು ಗಾಂಧಾರ ಹೇಳುತ್ತಿರುತ್ತದೆ, ನಿನ್ನ ಬೆರಳು ಇನ್ನೊಂದು. ಏನೋ ಕೂಡಿಬರಲಿಲ್ಲ ಅನ್ನಿಸುವುದು ಅಲ್ಲಿ. ಆ ಕೂಡಿಬರದ್ದನ್ನು ದುಃಖ ಅಂತ ಕರೆದವರು ಮನುಷ್ಯರು. ನಿನಗೆ ಆ ತಿಕ್ಕಾಟ ಕೇಳಿಸಿದರೆ ಸಾಕು. ಅಳು ಬರಲೇಬೇಕೆಂದು ಯಾರು ಹೇಳಿದರು?

"ಅಜ್ಜಿ ಹೋದಾಗಲೂ" ಅಂತ ಬರೆದೆಯಲ್ಲ. ನಿನ್ನ ಅಜ್ಜಿ ನನಗೆ ಅಮ್ಮ. ನಾನೂ ಅವತ್ತು ಅಳಲಿಲ್ಲ, ನೀನು ಗಮನಿಸಿದೆಯೋ ಇಲ್ಲವೋ. ಬಂದವರಿಗೆ ಕಾಫಿ, ಪುರೋಹಿತರ ಪಟ್ಟಿ, ದೂರದಿಂದ ಬರುವವರ ಬಸ್ಸಿನ ಸಮಯ, ಅದರಲ್ಲೇ ದಿನ ಹೋಯಿತು. ಜೋರಾಗಿ ಅತ್ತವರನ್ನು ನೋಡಿ ಹೊಟ್ಟೆಕಿಚ್ಚೂ ಆಯಿತು, ನಿಜ ಹೇಳುತ್ತೇನೆ. ಆಮೇಲೆ ಯಾವುದೋ ರಾಗ ಕೇಳಿ ಕಟ್ಟೆ ಒಡೆಯಿತು ಅಂತ ನೀನು ಕಾಯುತ್ತಿದ್ದರೆ, ಹಾಗೇನೂ ಆಗಲಿಲ್ಲ. ಈಗಲೂ ಅಮ್ಮನ ನೆನಪಾದರೆ ನನಗೆ ಬರುವುದು ಅಳುವಲ್ಲ, ಸಿಟ್ಟು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ ಅಂತ. ನನ್ನೊಳಗೆ ಆ ಭಾಗ ಇಲ್ಲ ಅಂತ ನೀನು ಹೇಳುತ್ತೀಯಾ?

ನಿನ್ನ ಸಾಲು ನನ್ನನ್ನು ಇಷ್ಟು ಕಾಡುವುದಕ್ಕೆ ಬೇರೆ ಕಾರಣವೂ ಇದೆ. ಎಸ್ಸೆಸ್ಸೆಲ್ಸಿ ವರ್ಷ ನಾನು ವೀಣೆ ಪಾಠಕ್ಕೆ ಹೋಗುತ್ತಿದ್ದೆ, ಅಗ್ರಹಾರದ ಕಡೆ ಒಬ್ಬರ ಮನೆಗೆ. ಒಂದು ಸಂಜೆ ಅವರು ಎಲ್ಲ ಹುಡುಗಿಯರ ಎದುರಿಗೆ, ಅಪ್ಪನೂ ಬಂದು ನಿಂತಿದ್ದಾಗ, "ಇವಳಿಗೆ ಕೈ ಇದೆ, ಭಾವ ಇಲ್ಲ" ಅಂದರು. ಅಪ್ಪ ಕೈಮುಗಿದು ನನ್ನನ್ನು ಕರಕೊಂಡು ಬಂದರು. ದಾರಿಯಲ್ಲಿ ಏನೂ ಮಾತಾಡಲಿಲ್ಲ. ಭಾವ ಅಂದರೆ ಏನು, ಎಲ್ಲಿ ಕಡಿಮೆಯಾಯಿತು, ಒಂದು ಸಲ ತೋರಿಸಿ ಸ್ವಾಮಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರು ಬಹುಶಃ ನನ್ನ ಎಡಗೈ ಹಿಡಿದು ತಂತಿಯನ್ನು ಒಂದಿಷ್ಟು ಎಳೆಸುತ್ತಿದ್ದರು, ಅಷ್ಟೇ ಆಗಿರಬಹುದಿತ್ತು. ಮಧ್ಯಮ ಕಾಲದಲ್ಲಿ ಓಡುತ್ತಿದ್ದವಳನ್ನು ನಿಧಾನ ಮಾಡಿಸುತ್ತಿದ್ದರು. ಅದು ಹೇಳಿಕೊಡಬಹುದಾದ ಸಂಗತಿ. ಆದರೆ ನಾನು ಅದನ್ನು ನನ್ನ ಜಾತಕದಲ್ಲೇ ಬರೆದ ದೋಷ ಅಂದುಕೊಂಡೆ. ಪಾಠ ನಿಂತಿತು. ಮನೆ ಬದಲಾಯಿಸುವಾಗ ವೀಣೆಯೂ ಹೋಯಿತು. ಅದರ ಮೇಣದ ವಾಸನೆ ಒಂದು ಇನ್ನೂ ಮೂಗಿನಲ್ಲಿದೆ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ, ನಿನ್ನ ಫ್ರೆಟ್ ಇದ್ದಹಾಗೆ, ಮೇಣದಲ್ಲಿ ಕೂರಿಸಿರುತ್ತಾರೆ, ನೀನು ನೋಡಿಲ್ಲ ಅನಿಸುತ್ತದೆ.

ನೋಡು, ಎಲ್ಲೆಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ.

ಒಂದೇ ಸ್ವರಗಳಿಂದ ಎಷ್ಟು ಭಾವ ಹುಟ್ಟುತ್ತದೆ ಅನ್ನುವುದಕ್ಕೆ ಶಂಕರಾಭರಣದ ಮಕ್ಕಳನ್ನು ನೋಡು. ನಿನ್ನ ಪಟ್ಟಿಯ ಪ್ರಕಾರ ಮೇಜರ್, ಸಂತೋಷ. ಬಿಲಹರಿ ಅದರಿಂದಲೇ ಬಂದದ್ದು. ಬೆಳಗಿನ ಹೊತ್ತಿನ ಗೆಲುವಿನ ರಾಗ ಅನ್ನುತ್ತಾರೆ, ಸರಿ. ಆದರೆ ನೀಲಾಂಬರಿಯೂ ಅದರಿಂದಲೇ ಬಂದದ್ದು. ಅದು ಮಗುವನ್ನು ಮಲಗಿಸುವ ರಾಗ. ಒಂದು ಏಳಿಸುತ್ತದೆ, ಇನ್ನೊಂದು ಮಲಗಿಸುತ್ತದೆ. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಂತೆ, ಎಲ್ಲಿ ಜಾರಿದೆ, ಎಷ್ಟು ನಿಧಾನ, ಎಲ್ಲ ಅದರಲ್ಲೇ ಇದೆ. ನೀನು ಬರೀ ಮೇಲೆ ಹತ್ತಿ ಕೆಳಗೆ ಇಳಿದು ಭಾವಕ್ಕೆ ಕಾದರೆ ಅದು ಎಲ್ಲಿಂದ ಬರಬೇಕು? ಕಾಗುಣಿತ ಓದಿ ಕಥೆ ಗೊತ್ತಾಗಲಿಲ್ಲ ಅಂದಹಾಗೆ.

ಮಾಯಾಮಾಳವಗೌಳ ಇನ್ನೂ ಒಳ್ಳೆಯ ಉದಾಹರಣೆ. ನಿನ್ನ ತಂತಿಯ ಮೇಲೆ ಸೊನ್ನೆ, ಒಂದು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡು. ಗಿಟಾರಿನವರು ಇದನ್ನು ಡಬಲ್ ಹಾರ್ಮೋನಿಕ್ ಅನ್ನುತ್ತಾರಂತೆ. ಅವರಿಗೆ ಇದು ಮರುಭೂಮಿ, ಒಂಟೆ, ರಹಸ್ಯ. ನಮಗೆ? ಪುರಂದರದಾಸರ ಹೆಸರಿನಲ್ಲಿ ಬಂದ ಮೊದಲ ಪಾಠ, ಸರಳೆ ವರಸೆ. ಅದನ್ನು ಕೇಳಿದರೆ ನನಗೆ ನೆನಪಾಗುವುದು ಚಾಪೆ, ಜಡೆ, ತೂಕಡಿಕೆ. ಯಾವ ಒಂಟೆಯೂ ಇಲ್ಲ. ಕಿವಿ ಎಲ್ಲಿ ಬೆಳೆಯಿತೋ ಅಲ್ಲಿಯದನ್ನು ಕೇಳುತ್ತದೆ. ಕೆನಡಾದ ಮಾಂಟ್ರಿಯಲ್ಲಿನ ಸಂಶೋಧಕರು 2001ರಲ್ಲಿ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದರು. ಹಾಡು ಖುಷಿಯದೋ ದುಃಖದ್ದೋ ಅಂತ ಕೇಳಿದಾಗ ಐದು ವರ್ಷದ ಮಕ್ಕಳು ವೇಗವನ್ನು ಮಾತ್ರ ನೋಡಿ ಹೇಳಿದರು. ಮೇಜರು ಮೈನರು ಲೆಕ್ಕಕ್ಕೆ ಬಂದದ್ದು ಆರರಿಂದ ಎಂಟು ವರ್ಷದವರಲ್ಲಿ. ಅಂದರೆ ಅದು ಬೆಳೆಯುತ್ತ ಬರುವ ಅಭ್ಯಾಸ. ನೀನು ಬೆಳೆದದ್ದು ಬೇರೆ ಸದ್ದುಗಳ ನಡುವೆ. ಮೈನರಿನ ಗಾಂಧಾರ ಇರುವ ಖರಹರಪ್ರಿಯದಲ್ಲಿ, ಹಿಂದೋಳದಲ್ಲಿ ಭಕ್ತಿಯ ಹಾಡು ಕೇಳಿದ್ದೀಯ, ಕುಣಿಯುವ ಹಾಡೂ ಕೇಳಿದ್ದೀಯ. ನಿನ್ನ ಕಿವಿಗೆ ಅದು ದುಃಖದ ಗುರುತು ಆಗದೇ ಇದ್ದರೆ ಆಶ್ಚರ್ಯ ಏನು?

ಎರಡು ಕಿವಿ ಒಬ್ಬರಲ್ಲೇ ಇರಬಹುದು. ನಮ್ಮ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. 1940ರ ದಶಕದ ಕೊನೆಯಲ್ಲಿ ರಷ್ಯಾದ ಮೆಟ್ನರ್ ಅನ್ನುವ ಸಂಗೀತಗಾರರ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರೂ ಅವರೇ. ಮೈನರ್ ಕೇಳಿದಾಗ ಮಹಾರಾಜರಿಗೆ ಏನಾಗುತ್ತಿತ್ತು ಅಂತ ಕೇಳುವ ಧೈರ್ಯ ಯಾರಿಗೆ ಇತ್ತು!

ಸಲಹೆ ಕೇಳಿದ್ದೀಯ, ನನ್ನ ಹತ್ತಿರ ಜಾಸ್ತಿ ಇಲ್ಲ. ಆ ಪಟ್ಟಿಯನ್ನು ಸ್ವಲ್ಪ ದಿನ ಗೋಡೆಯಿಂದ ತೆಗೆದಿಡು. ಮೇಷ್ಟ್ರಿಗೆ ಬೇಜಾರಾದರೆ ದೊಡ್ಡಮ್ಮ ಹೇಳಿದರು ಅನ್ನು. ಮೋಹನ, ಶಿವರಂಜನಿ ಎರಡನ್ನೇ ಇಟ್ಟುಕೊಂಡು, ನುಡಿಸುವ ಮೊದಲು ಬಾಯಲ್ಲಿ ಹಾಡಿಕೋ. ರೂಮಿನವರು ನಗುತ್ತಾರೆ ಅಂದರೆ ಬಚ್ಚಲಮನೆಯಲ್ಲಿ ಹಾಡು. ಮೂರನೇ ಫ್ರೆಟ್ಟಿನಲ್ಲಿ ತಂತಿಯನ್ನು ಸ್ವಲ್ಪ ಬದಿಗೆ ಎಳೆದು ನೋಡು, ಮೂರಕ್ಕೂ ನಾಲ್ಕಕ್ಕೂ ನಡುವೆ ಏನಿದೆ ಅಂತ. ಏನನ್ನಿಸಿತು ಅಂತ ತಕ್ಷಣ ಕೇಳಿಕೊಳ್ಳಬೇಡ. ಹಾಗೆ ಕಾವಲು ಕೂತರೆ ಯಾವ ಭಾವವೂ ಹತ್ತಿರ ಸುಳಿಯುವುದಿಲ್ಲ. ಇದೆಲ್ಲ ಗಿಟಾರಿಗೆ ಹೊಂದುತ್ತದೋ ಇಲ್ಲವೋ, ತಪ್ಪಿದ್ದರೆ ಬಿಟ್ಟುಬಿಡು.

ಆದರೆ ಒಂದನ್ನು ಬಿಡಬೇಡ. ಈ "ಏನೂ ಆಗಲ್ಲ" ಅನ್ನುವುದು ಗಿಟಾರಿಗೆ ಮಾತ್ರವಾ? ಊಟ ರುಚಿಸುತ್ತಿದೆಯಾ? ನಿದ್ದೆ ಬರುತ್ತಿದೆಯಾ? ಗೆಳೆಯರ ಜೊತೆ ಕೂತರೆ ನಗು ಬರುತ್ತದಾ? ಇವಕ್ಕೆಲ್ಲ ಹೂಂ ಅನ್ನುವುದಾದರೆ ನಾನು ಇಷ್ಟು ಬರೆದದ್ದೇ ಹೆಚ್ಚು, ನಕ್ಕುಬಿಡು. ಅಲ್ಲ ಅನ್ನುವುದಾದರೆ ಅದಕ್ಕೆ ರಾಗ ತಾಳದ ಉತ್ತರ ಹುಡುಕಬೇಡ. ಡಾಕ್ಟರ ಹತ್ತಿರ ಹೋಗು. ಟೆಲಿ ಮಾನಸ್ ಅಂತ ಸರ್ಕಾರದ್ದು ಇದೆ, 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮಮ್ಮನಿಗೆ ನಾನು ಏನೂ ಹೇಳಿಲ್ಲ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ನನಗೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಸೀರಿಯಲ್ ಮುಗಿದಿರುತ್ತದೆ. ಮೆಸೇಜು ಬೇಡ. ನಿನ್ನ ಧ್ವನಿ ಕೇಳಬೇಕು.

ಇಂತಿ,
ನಿನ್ನ ದೊಡ್ಡಮ್ಮ