ರಾಡ್ ಹಾಕಿಸಿಕೊಂಡ ಸುದ್ದಿ

ಕೀಲ್, ಜರ್ಮನಿ

ಅಪ್ಪಯ್ಯ, ಆಯಿ,

ಪೂರ್ತಿ ಓದಿ, ಆಮೇಲೆ ಫೋನ್ ಮಾಡಿ. ಮಾರಿಕಾಂಬಾ ಜಾತ್ರೆಗೆ ಬರಲು ರಜೆ ಸಿಗಲಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಆಗ ನನ್ನ ಎಡಗಾಲಿನ ತೊಡೆಮೂಳೆ ಮುರಿದಿತ್ತು. ಜನವರಿಯಲ್ಲಿ ಇಳಿಜಾರಿನ ಮಂಜುಗಡ್ಡೆ ಮೇಲೆ ಸೈಕಲ್ ಜಾರಿತು. ಮಂಡಿ ಹೋಗಿ ಕಲ್ಲಿನ ಕಟ್ಟೆಗೆ ಬಡಿಯಿತು. ಮಂಡಿಯಿಂದ ನಾಲ್ಕು ಬೆರಳು ಮೇಲೆ ಮೂಳೆ ಎರಡು ತುಂಡು. ವಿಡಿಯೋ ಕಾಲ್‌ನಲ್ಲಿ ಬರೀ ಮುಖ ತೋರಿಸುತ್ತಿದ್ದೆ. ಆಯಿಗೆ ಅನುಮಾನ ಬಂದೇ ಬಂದಿತ್ತು, "ಯಾವಾಗ್ಲೂ ಹಾಸಿಗೆ ಮೇಲೇ ಇರ್ತೀಯಲ್ಲ" ಅಂದಿದ್ದಳು.

ಈಗ ಊರುಗೋಲು ಬಿಟ್ಟು ನಡೆಯುತ್ತಿದ್ದೇನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಅಪ್ಪಯ್ಯ, ಸೊಪ್ಪಿನ ಪಟ್ಟು ಕಟ್ಟಿಸಿದ್ದರೆ ಸಾಕಾಗ್ತಿತ್ತು ಅಂತ ನೀನು ಹೇಳುವುದು ಗೊತ್ತು. ಈ ಜಾಗದ ಮುರಿತಕ್ಕೆ ಅದು ಆಗದು. ಮೀನಖಂಡದ ಸ್ನಾಯು ಕೆಳಗಿನ ತುಂಡನ್ನು ಹಿಂದಕ್ಕೆ ಎಳೆಯುತ್ತದೆ. ತೊಡೆಯ ಸ್ನಾಯು ಇಡೀ ಕಾಲನ್ನೇ ಗಿಡ್ಡ ಮಾಡುತ್ತದೆ. ಹಿಂದೆಲ್ಲ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರಂತೆ. ನನಗೆ ಮೂಳೆಯೊಳಗೆ ರಾಡ್ ಹಾಕಿದರು. ಅಬ್ಬಿ ನೀರಿನ ಪೈಪು ತುಂಡಾದಾಗ ನೀನು ಒಳಗೆ ಸಣ್ಣ ಪೈಪು ತೂರಿಸಿ ಎರಡೂ ಕಡೆ ರಬ್ಬರ್ ಬಿಗಿಯುತ್ತೀಯಲ್ಲ, ಅದೇ ಕೆಲಸ. ರಬ್ಬರ್ ಬದಲು ಅಡ್ಡಡ್ಡ ಸ್ಕ್ರೂ. ಕೆಳಗೆ ಮೂರು, ಮೇಲೆ ಎರಡು.

ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರವಿತ್ತು. ಮಂಡಿಯ ಕೆಳಗೆ ತ್ರಿಕೋನದ ದಿಂಬು ಇಟ್ಟು ಕಾಲು ಬಗ್ಗಿಸಿದರು. ಹಾಗೆ ಮಾಡಿದರೆ ಮೀನಖಂಡದ ಬಿಗಿ ಸಡಿಲುತ್ತದಂತೆ. ಮಂಡಿಚಿಪ್ಪಿನ ಕೆಳಗೆ ಒಂದು ಸಣ್ಣ ಗಾಯ. ಅಲ್ಲಿಂದ ಮೂಳೆಯ ನಡುವಿನ ತಗ್ಗು ಹುಡುಕಿ, ಎಕ್ಸ್‌ರೇ ಪರದೆ ನೋಡುತ್ತಾ ಕೊರೆದು, ರಾಡನ್ನು ಮೇಲಕ್ಕೆ ತಳ್ಳಿದರು. ಮುರಿದ ಜಾಗವನ್ನು ಬಿಚ್ಚಲೇ ಇಲ್ಲ. ನೋವು ಒಂಚೂರೂ ಇಲ್ಲ, ಆದರೆ ಕೊರೆಯುವಾಗ ಮೈಯೆಲ್ಲ ಅದುರುತ್ತದೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನ ಹಿಂದಿನ ಸೀಟು ನೆನಪಾಯಿತು.

ಒಂದು ಮಜಾ ಕೇಳಿ. ಈ ಊರೂ ಕಾರವಾರದ ಹಾಗೆ ಬಂದರು. ಮೂಳೆಯೊಳಗೆ ರಾಡ್ ಹಾಕುವ ವಿದ್ಯೆ ಬೆಳೆದದ್ದು ಇಲ್ಲೇ. 1939ರಲ್ಲಿ ಗೆರ್ಹಾರ್ಡ್ ಕ್ಯೂಂಚರ್ ಎಂಬ ಡಾಕ್ಟರು ತೊಡೆಮೂಳೆಗೆ ಹೀಗೆ ರಾಡ್ ಹಾಕಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಸೆರೆಯಿಂದ ಬಂದ ಅಮೆರಿಕದ ಸೈನಿಕರ ಎಕ್ಸ್‌ರೇಯಲ್ಲಿ ಉದ್ದನೆಯ ಲೋಹ ಕಂಡು ಅಲ್ಲಿನ ಡಾಕ್ಟರುಗಳು ದಂಗಾದರಂತೆ. ಕ್ಯೂಂಚರ್ ಹಾಕುತ್ತಿದ್ದದ್ದು ಸೊಂಟದ ಕಡೆಯಿಂದ. ನನ್ನದು ಮಂಡಿಯಿಂದ.

ಆಪರೇಶನ್‌ಗಿಂತ ಆಮೇಲಿನದೇ ಕಷ್ಟ. ಮರುದಿನವೇ ಮಂಡಿ ಬಗ್ಗಿಸಲು ಹೇಳಿದರು. ಕಣ್ಣಲ್ಲಿ ನೀರು ಬಂತು. ಬಗ್ಗಿಸದೆ ಬಿಟ್ಟರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ದಿನಾ ಇಂಜೆಕ್ಷನ್, ಅದನ್ನು ನಾನೇ ಚುಚ್ಚಿಕೊಳ್ಳಲು ಕಲಿತೆ. ಮೊನ್ನೆಯ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಹೊಸ ಮೂಳೆ ಕಂಡಿತು. ಮಳೆಗಾಲದ ಬೆಳಿಗ್ಗೆ ತೋಟದ ಮೇಲೆ ಕೂತ ಮಂಜಿನ ಹಾಗೆ, ಬಿಳಿ ಬಿಳಿ. ರಾಡ್ ಒಳಗೇ ಇರಲಿ, ತೊಂದರೆ ಕೊಟ್ಟರೆ ಮಾತ್ರ ತೆಗೆಯೋಣ ಅಂದರು.

ಆಯಿ, ಹರಕೆ ಹೊತ್ತುಕೊಳ್ಳಬೇಡ ಅಂದರೆ ನೀನು ಕೇಳುವವಳಲ್ಲ. ಸಣ್ಣದು ಹೊತ್ತುಕೋ. ತೀರಿಸಬೇಕಾದವನು ನಾನೇ ಅಲ್ವಾ.

ಅಡಿಕೆ ಕೊಯ್ಲಿಗೆ ಬರುತ್ತೇನೆ. ಮಂಡಿ ಈಗ 100 ಡಿಗ್ರಿ ಬಗ್ಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು ಇನ್ನೂ ಆಗದು. ಪಂಕ್ತಿಯಲ್ಲಿ ನನಗೊಂದು ಕುರ್ಚಿ ಇಡಿ. ಅಜ್ಜಿ ಕೇಳಿದರೆ, ಪರದೇಶಕ್ಕೆ ಹೋಗಿ ಸೊಕ್ಕು ಬಂದಿದೆ ಅಂತಲೇ ಹೇಳಿ. ರಾಡಿನ ಸುದ್ದಿ ಬೇಡ.

ನಿಮ್ಮ ಮಗ