ತಾನಾಗಿಯೇ ಹೋಯ್ತು ಅಂತ ಬಿಡಬೇಡ

ಪ್ರೀತಿಯ ಗೆಳೆಯಾ,

ಭಾನುವಾರ ಫೋನಿನಲ್ಲಿ ನೀನು ಮಾತಿನ ನಡುವೆ ಹೇಳಿದ ಒಂದು ವಿಷಯ ಇನ್ನೂ ನನ್ನ ತಲೆಯಲ್ಲೇ ಕೂತಿದೆ. ಎಡಗಾಲು ಹತ್ತು ದಿನದಿಂದ ಜೋಮು ಹಿಡಿದ ಹಾಗಿದೆ ಅಂದೆ. ಕೂತೇ ಕೆಲಸ ಮಾಡ್ತೀನಲ್ಲ, ಅದಕ್ಕೇ ಇರಬೇಕು ಅಂತ ನೀನೇ ಸಮಾಧಾನ ಮಾಡಿಕೊಂಡೆ. ಹೋದ ದೀಪಾವಳಿ ಹೊತ್ತಿಗೆ ನಿನ್ನ ಒಂದು ಕಣ್ಣು ಮಂಜಾಗಿತ್ತು, ನೆನಪಿದೆಯಾ? ಫೋನ್ ಇಟ್ಟ ಮೇಲೆ ನನಗದು ನೆನಪಾಯಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇದೆ ಅಂತ ನಿನಗೆ ಗೊತ್ತು. ಅದು ಹೇಗೆ ಶುರುವಾಯಿತು ಅಂತ ಯಾವತ್ತೂ ಬಿಡಿಸಿ ಹೇಳಿರಲಿಲ್ಲ.

ಮೊದಲು ಬಂದಿದ್ದು ಕಣ್ಣಿಗೆ. ಬಲಗಣ್ಣು ಹೊರಳಿಸಿದರೆ ಒಳಗೆ ನೋವು. ಎರಡು ದಿನದಲ್ಲಿ ಹಬೆ ಹಿಡಿದ ಗಾಜಿನಾಚೆ ನೋಡಿದ ಹಾಗಾಯಿತು. ಒಂದು ಬೆಳಿಗ್ಗೆ ಅಮ್ಮ ಪೂಜೆಗೆ ಕೊಯ್ದಿಟ್ಟ ದಾಸವಾಳ ನೋಡುತ್ತಾ ಕೂತಿದ್ದೆ. ಬಲಗಣ್ಣು ಮುಚ್ಚಿದರೆ ಹೂವು ಕೆಂಪಗೆ. ಎಡಗಣ್ಣು ಮುಚ್ಚಿದರೆ ಅದೇ ಹೂವು, ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ. ಕಣ್ಣಿನ ನರ ಊದಿಕೊಂಡರೆ ಕೆಂಪು ಹೀಗೆ ಮಂಕಾಗುತ್ತದೆ ಅಂತ ಆಮೇಲೆ ತಿಳಿಯಿತು. ಆಗ ಕನ್ನಡಕದ ನಂಬರ್ ಬದಲಾಗಿದೆ ಅಂದುಕೊಂಡೆ. ಐದು ವಾರಕ್ಕೆ ಸರಿಹೋಯಿತು. ಮರೆತೆ.

ಏಳೆಂಟು ತಿಂಗಳಾದ ಮೇಲೆ ಕಾಲು. ಒಂದು ದಿನ ಬಸ್ ಹತ್ತಿ ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇಲ್ಲ. ಕಳಚಿ ಬಿದ್ದಿದ್ದು ಪಾದಕ್ಕೆ ಗೊತ್ತೇ ಆಗಿರಲಿಲ್ಲ. ಕತ್ತು ಬಗ್ಗಿಸಿದರೆ ಬೆನ್ನಿನಿಂದ ಕಾಲಿನವರೆಗೆ ಕರೆಂಟ್ ಹೊಡೆದ ಹಾಗೆ ಝುಮ್ ಅನ್ನುತ್ತಿತ್ತು. ಹಂಡೆಯ ಬಿಸಿನೀರು ಹುಯ್ದುಕೊಂಡು ಬಂದರೆ ಕಾಲು ಇನ್ನೂ ಸೋಲುತ್ತಿತ್ತು, ವಾಸಿಯಾದ ಕಣ್ಣೂ ಮತ್ತೆ ಮಂಕು. ಮೈ ತಣ್ಣಗಾದರೆ ಸರಿ. ಮೈ ದಣಿದಾಗ ಕಣ್ಣು ಹೀಗೆ ಮಂಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲೇ ಬರೆದಿಟ್ಟಿದ್ದರು; ಮೈ ಬಿಸಿಯಾಗುವುದೇ ಕಾರಣ ಅಂತ ಆಮೇಲೆ ತಿಳಿಯಿತು. ನಾನು ಮಾತ್ರ ಬಚ್ಚಲಿನ ಸೆಕೆಗೆ ತಲೆಸುತ್ತು ಅಂದುಕೊಂಡಿದ್ದೆ.

ಒಬ್ಬ ಡಾಕ್ಟರು ಕತ್ತಿನ ಮೂಳೆ ಸವೆದಿದೆ ಅಂದರು. ಇನ್ನೊಬ್ಬರು ಬಿ12 ಕಡಿಮೆ ಅಂದರು. ಅವರನ್ನು ದೂರಲಾರೆ. ಕಣ್ಣಿನ ವಿಷಯ ನಾನು ಹೇಳಿರಲೇ ಇಲ್ಲ. ಕಾಲಿಗೂ ಕಣ್ಣಿಗೂ ಏನು ಸಂಬಂಧ ಅಂತ ಸುಮ್ನಿದ್ದೆ.

ಸಂಬಂಧ ಇದೆ ಕಣೋ. ನರಗಳ ಮೇಲೆ ಮಯಲಿನ್ ಅನ್ನುವ ಹೊದಿಕೆ ಇರುತ್ತದೆ. ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಅದರ ಮೇಲೆ ಬೀಳುತ್ತದೆ. ಇವತ್ತು ಕಣ್ಣಿನ ನರ, ಇನ್ಯಾವತ್ತೋ ಬೆನ್ನುಹುರಿ, ಮತ್ತೊಮ್ಮೆ ಮಿದುಳು. ಊತ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ಒಳಗೆ ಕಲೆ ಉಳಿದಿರುತ್ತದೆ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಮಯದಲ್ಲಿ ಏಟು ಬಿದ್ದಿದೆಯಾ ಅಂತಲೇ ನರರೋಗ ವೈದ್ಯರು ಹುಡುಕುವುದು. ಹಳೆಯದನ್ನು ನಾವೇ ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಚಕ್ಕಳಮಕ್ಕಳ ಹಾಕಿ ಕೂತಾಗ ಬರುವ ಜೋಮು ಐದು ನಿಮಿಷಕ್ಕೆ ಹೋಗುತ್ತದೆ. ಈ ಕಾಯಿಲೆಯ ಜೋಮು 24 ಗಂಟೆ ಮೀರುತ್ತದೆ, ವಾರಗಟ್ಟಲೆ ಇರುತ್ತದೆ. ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಕೆಲವರಿಗೆ ಎದೆ, ಹೊಟ್ಟೆ ಸುತ್ತ ಪಟ್ಟಿ ಬಿಗಿದ ಹಾಗೆ. ಮೂತ್ರ ತಡೆಯಲು ಆಗದಿರುವುದು, ರಾತ್ರಿಯಿಡೀ ಮಲಗೆದ್ದರೂ ಹೋಗದ ಸುಸ್ತು. ಹೆಣ್ಣುಮಕ್ಕಳಲ್ಲಿ ಜಾಸ್ತಿ, ಆದರೆ ನಮ್ಮನ್ನೂ ಬಿಡುವುದಿಲ್ಲ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲೇ ಶುರು.

ನಿನಗೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ. ಬಿ12 ಕೊರತೆ, ಸಕ್ಕರೆ ಕಾಯಿಲೆ, ಡಿಸ್ಕ್ ಜಾರಿದ್ದು, ಯಾವುದರಿಂದಲೂ ಕಾಲು ಮರಗಟ್ಟಬಹುದು. ರಕ್ತಪರೀಕ್ಷೆ, ಎಂಆರ್‌ಐ ಮಾಡಿದರೆ ತಿಳಿಯುತ್ತದೆ. ಇದೇ ಕಾಯಿಲೆ ಆಗಿದ್ದರೆ ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ, ನಿಜ. ಆದರೆ ಮತ್ತೆ ಮತ್ತೆ ಬರುವುದನ್ನು ತಗ್ಗಿಸುವ ಔಷಧಿಗಳಿವೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಾನು ಕಳೆದುಕೊಂಡ ಆ ತಿಂಗಳುಗಳನ್ನು ನೀನು ಕಳೆದುಕೊಳ್ಳಬಾರದು.

ಒಂದು ಹಾಳೆಯಲ್ಲಿ ಬರೆದಿಡು: ಯಾವ ಕಣ್ಣು, ಯಾವ ತಿಂಗಳು, ಎಷ್ಟು ದಿನ. ಆಗಿನ ಚೀಟಿ ಇದ್ದರೆ ಹುಡುಕು. ಕಾಲು ಸೋತು ಬಿದ್ದರೆ, ಕಣ್ಣು ಮಂಜಾದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಓಡು, ನನಗಾಗಿ ಕಾಯಬೇಡ. ಇಲ್ಲದಿದ್ದರೆ ಗುರುವಾರ ರಾತ್ರಿ ಬಸ್ಸಿಗೆ ನಾನು ಹೊರಡುತ್ತೇನೆ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೋಗೋಣ.

ನಿನ್ನ ಗೆಳೆಯ