ಶನಿವಾರದ ಚರ್ಚೆ: ಅರಿವಳಿಕೆ ಮತ್ತು ಮಿದುಳಿನ ರಕ್ತ ಹರಿವು

ಎಲ್ಲರಿಗೂ ನಮಸ್ಕಾರ.

ಶನಿವಾರ ಸಂಜೆ 7ಕ್ಕೆ ಆನ್‌ಲೈನ್ ಚರ್ಚೆ ಇದೆ. ರಕ್ತನಾಳದ ಮೂಲಕ ಕೊಡುವ ಅರಿವಳಿಕೆ ಔಷಧಿಗಳು ಮಿದುಳಿನ ರಕ್ತ ಹರಿವನ್ನೂ ಚಯಾಪಚಯವನ್ನೂ ಹೇಗೆ ಬದಲಿಸುತ್ತವೆ ಎಂಬುದು ವಿಷಯ. ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳು ತಪ್ಪದೆ ಬರಬೇಕು. ಉಳಿದವರಿಗೆ ಬಿಡುವಿದ್ದರೆ ಸಾಕು.

ಬರುವ ಮುನ್ನ ಇಷ್ಟು ನೆನಪಿರಲಿ. ವಯಸ್ಕರ ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುತ್ತದೆ. ಪ್ರೊಪೋಫಾಲ್, ಥಯೋಪೆಂಟೋನ್, ಎಟೊಮಿಡೇಟ್ ಮೂರೂ ಆಮ್ಲಜನಕದ ಬಳಕೆಯನ್ನು ತಗ್ಗಿಸುತ್ತವೆ. ಅದರ ಬೆನ್ನಿಗೇ ಹರಿವೂ ತಗ್ಗುತ್ತದೆ. ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಗೆರೆ ಪೂರ್ತಿ ಸಪಾಟಾದ ಮೇಲೆ ಎಷ್ಟೇ ಥಯೋಪೆಂಟೋನ್ ಕೊಟ್ಟರೂ ಬಳಕೆ ಇನ್ನಷ್ಟು ಇಳಿಯುವುದಿಲ್ಲ, ಜೀವಕೋಶ ಬದುಕಿರಲು ಬೇಕಾದ ಪಾಲು ಉಳಿದೇ ಉಳಿಯುತ್ತದೆ. ಪರೀಕ್ಷಕರು ಬಿಡದೆ ಕೇಳುವ ಪ್ರಶ್ನೆಯಿದು! ಪ್ರೊಪೋಫಾಲ್ ರಕ್ತದೊತ್ತಡವನ್ನೂ ಬೀಳಿಸುತ್ತದೆ ಎಂಬುದನ್ನು ಮರೆತರೆ ಆಮ್ಲಜನಕದ ಬಳಕೆ ತಗ್ಗಿಸಿ ಮಿದುಳನ್ನು ಕಾಪಾಡುವ ಮಾತೆಲ್ಲ ವ್ಯರ್ಥ.

ಕೆಟಮಿನ್ ಮಾತ್ರ ಹಠಮಾರಿ. ಒಂಟಿಯಾಗಿ ಕೊಟ್ಟಾಗ ಹರಿವನ್ನು ಹೆಚ್ಚಿಸುತ್ತದೆ. ಉಸಿರಾಟವನ್ನು ಯಂತ್ರದಿಂದ ನಿಯಂತ್ರಿಸಿ, ಬೇರೆ ಅರಿವಳಿಕೆಯ ಜೊತೆ ಕೊಟ್ಟಾಗ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ ಎಂಬ ಹಳೆಯ ಭಯಕ್ಕೆ ಅಷ್ಟು ಆಧಾರವಿಲ್ಲ ಎಂಬುದು ನನ್ನ ನಿಲುವು. ಒಪ್ಪದವರು ವಾದಕ್ಕೆ ಸಿದ್ಧರಾಗಿ ಬನ್ನಿ.

ಒಬ್ಬೊಬ್ಬರೂ ಒಂದೊಂದು ಔಷಧಿಯನ್ನು ಆರಿಸಿಕೊಂಡು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ರೋಗಿಯ ಗುರುತು ಸಿಗುವ ಯಾವ ಚಿತ್ರವನ್ನೂ ಗುಂಪಿನಲ್ಲಿ ಹಾಕಬೇಡಿ. ಕೊಂಡಿಯನ್ನು ಶನಿವಾರ ಮಧ್ಯಾಹ್ನ ಕಳುಹಿಸುತ್ತೇನೆ.